ಕಲ್ಲು ಓದಿದವರಿಗೆ ಕೆಲಸ ಎಲ್ಲಿದೆ?

ಹೋದ ತಿಂಗಳು ಪಿಯುಸಿ ನಂತರದ ಓದಿನ ಬಗ್ಗೆ ಬರೆಯುತ್ತ ಕೊನೆಯಲ್ಲಿ ‘ಭೂವಿಜ್ಞಾನವೂ ಒಂದು ದಾರಿ’ ಎಂದು ಒಂದೇ ಸಾಲು ಸೇರಿಸಿದ್ದೆ. ಉಳಿದ ಎರಡು ಪುಟಕ್ಕೆ ಬಂದ ಪತ್ರ ನಾಲ್ಕು. ಆ ಒಂದು ಸಾಲಿಗೆ ಬಂದವು ಮೂವತ್ತಕ್ಕೂ ಮೇಲೆ. ‘ಈ ಸಲ ಪೂರ್ತಿ ಕಲ್ಲೇ ಇರಲಿ’ ಎಂದರು ಸಂಪಾದಕರು. ನನಗೂ ಬೇಕಾಗಿದ್ದು ಅದೇ. ಮಾನಸಗಂಗೋತ್ರಿಯಲ್ಲಿ 1980ರಲ್ಲಿ ಎಂಎಸ್ಸಿ ಮುಗಿಸಿದಾಗಿನಿಂದ ಕಲ್ಲು, ಮಣ್ಣು, ನೀರಿನ ಹಿಂದೆಯೇ ತಿರುಗಿದವಳು ನಾನು. ನನ್ನ ಎಡ ಮೊಣಕಾಲೇ ಅದಕ್ಕೆ ಸಾಕ್ಷಿ.

ಮೇಡಂ, ಪಿಯುಸಿಯಲ್ಲಿ ಶೇ. 78 ಬಂದಿದೆ. ನೀಟ್ ಆಗಲಿಲ್ಲ. ಇನ್ನೊಂದು ವರ್ಷ ಕೋಚಿಂಗ್‌ಗೆ ಕಳಿಸುವ ಶಕ್ತಿ ಮನೆಯಲ್ಲಿ ಇಲ್ಲ. ಬಿಎಸ್ಸಿಯಲ್ಲಿ ಜಿಯಾಲಜಿ ತಗೊಳ್ಳೋಣ ಅಂತಿದ್ದೇನೆ. ನಮ್ಮ ಚಿಕ್ಕಪ್ಪ ಎಲ್ಲರ ಎದುರು ‘ಕಲ್ಲು ಓದಿ ಕಲ್ಲು ಒಡೆಯೋಕೆ ಹೋಗ್ತೀಯಾ’ ಅಂತ ನಕ್ಕುಬಿಟ್ಟರು. ನಿಜವಾಗಿ ಇದರಲ್ಲಿ ಕೆಲಸ ಸಿಗುತ್ತಾ?
— ವಿದ್ಯಾರ್ಥಿನಿ, ಹೊಸದುರ್ಗ

ನನ್ನ ಮೊಮ್ಮಗಳ ಓರಗೆಯವಳು ನೀನು, ಹಾಗಾಗಿ ‘ನೀನು’ ಎಂದೇ ಬರೆಯುತ್ತೇನೆ. ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ ಕಣಮ್ಮ, ಕಲ್ಲು ಒಡೆಯಲೇಬೇಕು. ಬಿಸಿಲು ಮಳೆ ತಿಂದ ಹೊರಮೈ ನೋಡಿ ಕಲ್ಲಿನ ಜಾತಿ ಹೇಳುವುದಕ್ಕೆ ಆಗುವುದಿಲ್ಲ. ಸುತ್ತಿಗೆಯಲ್ಲಿ ಒಂದು ಮೂಲೆ ಹಾರಿಸಿ, ಒಳಗಿನ ಹೊಸ ಮುಖವನ್ನು ಮಸೂರದಲ್ಲಿ ನೋಡಬೇಕು. ‘ಆ ಮೇಡಂ ಸರ್ಕಾರಿ ಸಂಬಳ ತಗೊಂಡೇ 30 ವರ್ಷ ಕಲ್ಲು ಒಡೆದರಂತೆ, ಈಗ ಪಿಂಚಣಿಯೂ ಬರುತ್ತಂತೆ’ ಅಂತ ಅವರಿಗೆ ಹೇಳು.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡು. ನಿಮ್ಮದೇ ಜಿಲ್ಲೆಯಲ್ಲಿ, ಚಿತ್ರದುರ್ಗದಿಂದ ಐಮಂಗಲದ ಕಡೆ ಹೋಗುವಾಗ ಮರಡಿಹಳ್ಳಿ ಸಿಗುತ್ತದೆ. ಅಲ್ಲಿಗೆ ಒಂದು ದಿನ ಹೋಗಿ ಬಾ. ಹಸಿರು ಛಾಯೆಯ ಕಪ್ಪು ಬಂಡೆ, ಅದರ ತುಂಬ ದಿಂಬುಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸಿದಂಥ ಆಕಾರ. ಅವಕ್ಕೆ ದಿಂಬು ಲಾವಾ ಅನ್ನುತ್ತಾರೆ. ಕಾದ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಟ್ಟನೆ ತಣ್ಣಗಾಗಿ ಚರ್ಮ ಕಟ್ಟುತ್ತದೆ, ಒಳಗಿನದು ಇನ್ನೂ ಮೆತ್ತಗಿರುತ್ತದೆ, ಮೇಲಿನ ಉಂಡೆ ಕೆಳಗಿನ ಎರಡರ ಸಂದಿಗೆ ಜೋತುಬೀಳುತ್ತದೆ. ಅಂದರೆ 250 ಕೋಟಿ ವರ್ಷಕ್ಕೂ ಹಿಂದೆ ಈ ಬರದ ಸೀಮೆ ನೀರಿನಡಿ ಇತ್ತು! ದಿಂಬಿನ ಉಬ್ಬಿದ ಬೆನ್ನು ಯಾವ ಕಡೆಗಿದೆಯೋ ಅದು ಆ ಕಾಲದ ‘ಮೇಲೆ’, ಚೂಪಾಗಿ ಜೋತ ಬಾಲ ಯಾವ ಕಡೆಗಿದೆಯೋ ಅದು ‘ಕೆಳಗೆ’. ಇಡೀ ಬಂಡೆ ಮಡಚಿ ಮಗ್ಗುಲಾಗಿದ್ದರೂ ಯಾವ ಪದರ ಮೊದಲು ಯಾವುದು ಆಮೇಲೆ ಅಂತ ಇದರಿಂದ ಹೇಳಬಹುದು. ನಮ್ಮ ಮೇಷ್ಟ್ರು ಇದನ್ನು ತೋರಿಸಿದ ದಿನ ನಾನು ಊಟ ಮರೆತು ಅಲ್ಲೇ ಕೂತಿದ್ದೆ. ಅಲ್ಲಿ ಮಾತ್ರ ಸುತ್ತಿಗೆ ತೆಗೆಯಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅರ್ಧ ಗಂಟೆ ನಿಂತ ಮೇಲೂ ನಿನಗೆ ‘ಇಷ್ಟೇನಾ’ ಅನ್ನಿಸಿದರೆ ಬೇರೆ ವಿಷಯ ತಗೋ. ನೀಟ್ ತಪ್ಪಿತು ಅನ್ನುವ ಕಾರಣಕ್ಕೆ ಕಲ್ಲಿನ ಹತ್ತಿರ ಬಂದವರು ಎರಡನೇ ವರ್ಷದ ಕ್ಷೇತ್ರಕಾರ್ಯದ ಬಿಸಿಲಿಗೇ ವಾಪಸು ಓಡುವುದನ್ನು ನೋಡಿದ್ದೇನೆ.

ಇನ್ನು ಕೆಲಸದ ಮಾತು. ಬರೀ ಬಿಎಸ್ಸಿಗೆ ಸಿಗುವುದು ಕಡಿಮೆ. ಎಂಎಸ್ಸಿ ಮಾಡುತ್ತೇನೆ ಅಂತ ಈಗಲೇ ಮನಸ್ಸು ಗಟ್ಟಿ ಮಾಡಿಕೋ. ಐದು ವರ್ಷದ ಲೆಕ್ಕ ಇದು. ಬಿಎಸ್ಸಿಯಲ್ಲಿ ಈ ವಿಷಯ ಇರುವ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಕೆಲವೇ. ಮೈಸೂರಿನ ಯುವರಾಜ, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು ಹಳೆಯವು. ಎಂಎಸ್ಸಿಗೆ ಮಾನಸಗಂಗೋತ್ರಿ, ಧಾರವಾಡ, ಜ್ಞಾನಭಾರತಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಹೊರಗೆ ಹೋಗುವ ಆಸೆಯಿದ್ದರೆ ಎಂಎಸ್ಸಿ ಪ್ರವೇಶಕ್ಕಿರುವ ‘ಜಾಮ್’ ಪರೀಕ್ಷೆ ಬರೆದು ಖರಗ್‌ಪುರ, ರೂರ್ಕಿ, ಬಾಂಬೆ ಐಐಟಿಗಳಿಗೋ ಧನಬಾದಿಗೋ ಸೇರಬಹುದು. ನಮ್ಮ ಹುಡುಗರು ಆ ಅರ್ಜಿಯನ್ನೇ ಹಾಕುವುದಿಲ್ಲ ಅನ್ನುವುದು ನನ್ನ ಹಳೇ ಸಿಟ್ಟು.

ಅಲ್ಲಿಂದ ಮುಂದೆ ದೊಡ್ಡ ಬಾಗಿಲು 1851ರಿಂದ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಎಲ್ಲರೂ ಕರೆಯುವಂತೆ ಜಿಎಸ್‌ಐ. ಯುಪಿಎಸ್‌ಸಿಯೇ ಪರೀಕ್ಷೆ ನಡೆಸುತ್ತದೆ, ಹುದ್ದೆ ಗ್ರೂಪ್ ಎ, ಶುರುವಿನ ಮೂಲ ವೇತನ 56,100 ರೂಪಾಯಿ. ಈ ಅಂಕಿಯನ್ನು ಚಿಕ್ಕಪ್ಪನಿಗೆ ನಿಧಾನವಾಗಿ ಓದಿ ಹೇಳು. ಇನ್ನೊಂದು ಮಾತು: ಕೆಲಸಕ್ಕೆ ಸೇರಿದ ಹೊಸಬರಿಗೆ ಕ್ಷೇತ್ರದಲ್ಲಿ ತರಬೇತಿ ಕೊಡಲು ಜಿಎಸ್‌ಐ ದೇಶದಲ್ಲಿ ಕೆಲವು ಕೇಂದ್ರಗಳನ್ನು ಇಟ್ಟಿದೆ, ಅದರಲ್ಲಿ ಒಂದು ನಿಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಎಲ್ಲೆಲ್ಲಿಂದಲೋ ಬಂದು ಕಲಿಯುವ ಕಲ್ಲು ನಿನ್ನ ಮನೆಯ ಹಿತ್ತಲಿನದು.

ಜಿಯಾಲಜಿಗೂ ಜಿಯಾಗ್ರಫಿಗೂ ಏನು ವ್ಯತ್ಯಾಸ? ಎರಡರಲ್ಲೂ ನಕ್ಷೆ ಇರುತ್ತದಲ್ಲ?
— ಹತ್ತನೇ ತರಗತಿ, ಗದಗ

ಗುಡ್ಡ ಎಲ್ಲಿದೆ, ಅದರ ಸುತ್ತ ಮಳೆ ಬೆಳೆ ಜನ ಹೇಗೆ ಹರಡಿದ್ದಾರೆ ಅಂತ ಕೇಳುವುದು ಭೂಗೋಳ. ಗುಡ್ಡ ಯಾವುದರಿಂದ ಆಗಿದೆ, ಯಾವಾಗ ಆಯಿತು, ಒಳಗೆ ಏನಿದೆ ಅಂತ ಕೇಳುವುದು ಭೂವಿಜ್ಞಾನ. ನಿಮ್ಮ ಕಪ್ಪತಗುಡ್ಡಕ್ಕೆ ಎರಡೂ ಬೇಕು.

ಮಗಳು ಪಿಯುಸಿ ಓದುತ್ತಿದ್ದಾಳೆ. ಶಿರೂರಿನ ಗುಡ್ಡ ಕುಸಿದ ಮೇಲೆ ‘ನಾನು ಅದನ್ನೇ ಓದುತ್ತೇನೆ’ ಎಂದು ಹಟ ಹಿಡಿದಿದ್ದಾಳೆ. ಓದಲಿ, ಬೇಡ ಎನ್ನುವುದಿಲ್ಲ. ಆದರೆ ಹೆಣ್ಣುಮಗು ಕಾಡುಮೇಡು ಅಲೆಯುವುದು, ಗಣಿಯಲ್ಲಿ ಗಂಡಸರ ನಡುವೆ ಇರುವುದು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ. ನೀವು ಹೇಗೆ ನಿಭಾಯಿಸಿದಿರಿ?
— ಒಬ್ಬ ತಾಯಿ, ಶಿರಸಿ

ತಂಗೀ, ನನ್ನ ಅಮ್ಮನಿಗೂ ನಿದ್ದೆ ಬರುತ್ತಿರಲಿಲ್ಲ. ತರಗತಿಯಲ್ಲಿ ಹನ್ನೆರಡು ಜನ, ಹುಡುಗಿ ನಾನೊಬ್ಬಳೇ. ಮೊದಲ ಕ್ಯಾಂಪಿಗೆ ಹೊರಟಾಗ ಅಮ್ಮ ಚೀಲದಲ್ಲಿ ಚಕ್ಕುಲಿ ಡಬ್ಬಿಯ ಕೆಳಗೆ ಒಂದು ಮೆಣಸಿನಪುಡಿ ಪೊಟ್ಟಣ ಇಟ್ಟಿದ್ದಳು. ಅದನ್ನು ಊಟಕ್ಕೆ ಕೊಟ್ಟಿದ್ದು ಅಂತ ತಿಳಿದು ನಾವೆಲ್ಲ ಅನ್ನಕ್ಕೆ ಕಲಸಿ ತಿಂದೆವು. ಅದು ಬೇರೆಯದಕ್ಕೆ ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

ಎಲ್ಲವೂ ನಗುವಂಥದ್ದಾಗಿರಲಿಲ್ಲ. ಕೆಲಸದಲ್ಲಿ ನನಗೆ ದೊಡ್ಡ ಕಷ್ಟವಾಗಿದ್ದು ಕಾಡಲ್ಲ, ಚಿರತೆಯಲ್ಲ, ಶೌಚಾಲಯ. ಬೆಳಗ್ಗೆ ಆರಕ್ಕೆ ಜೀಪು ಹೊರಟರೆ ಸಂಜೆವರೆಗೆ ನೀರು ಕುಡಿಯದೆ ಇರುವುದು ಅಭ್ಯಾಸವಾಯಿತು. ಅದರ ಬೆಲೆ ಮೂತ್ರಕೋಶದ ಸೋಂಕಾಗಿ ಎರಡು ಸಲ ತೆತ್ತೆ. ಮಗಳಿಗೆ ಇದನ್ನು ನೀವೇ ಹೇಳಿ: ಹಳ್ಳಿಗೆ ಕಾಲಿಟ್ಟ ಕೂಡಲೇ ಮೊದಲು ಹೆಂಗಸರನ್ನು ಮಾತಾಡಿಸಬೇಕು. ಒಂದು ಮನೆಯ ಪರಿಚಯವಾದರೆ ಬಚ್ಚಲು ಸಿಗುತ್ತದೆ, ಮಜ್ಜಿಗೆ ಸಿಗುತ್ತದೆ, ಯಾವ ಹಳ್ಳದ ಕಡೆ ಹೋಗಬಾರದು ಅನ್ನುವ ಮಾತೂ ಸಿಗುತ್ತದೆ. ಕ್ಷೇತ್ರಕ್ಕೆ ಒಬ್ಬಳೇ ಹೋಗಕೂಡದು; ಇದು ಹುಡುಗರಿಗೂ ಇರುವ ನಿಯಮ. ಕಾಲು ಉಳುಕಿದರೆ ಸುದ್ದಿ ತರಲು ಇನ್ನೊಬ್ಬರು ಬೇಕಲ್ಲ.

ಗಣಿಯ ಮಾತು ಕೇಳಿದಿರಿ. 1952ರ ಗಣಿ ಕಾಯ್ದೆಯ ಪ್ರಕಾರ ನೆಲದಡಿಯ ಗಣಿಯಲ್ಲಿ ಹೆಂಗಸರು ಕೆಲಸ ಮಾಡುವಂತೆಯೇ ಇರಲಿಲ್ಲ. ನನ್ನ ಕಾಲವೆಲ್ಲ ಆ ಕಾನೂನಿನಲ್ಲೇ ಕಳೆಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ, ಬೆಳಗ್ಗೆ ಆರರಿಂದ ಸಂಜೆ ಏಳರವರೆಗೆ, ಅವರ ಲಿಖಿತ ಒಪ್ಪಿಗೆಯ ಮೇಲೆ ಹೆಂಗಸರೂ ಇಳಿಯಬಹುದು ಎಂದಿತು. ಅದಕ್ಕೂ ಎಷ್ಟೋ ಮೊದಲು, 1983ರಲ್ಲೇ, ಸುದೀಪ್ತಾ ಸೇನ್‌ಗುಪ್ತಾ ಎಂಬ ಭೂವಿಜ್ಞಾನಿ ಅಂಟಾರ್ಕ್ಟಿಕಾಕ್ಕೆ ಹೊರಟರು. ಸಮುದ್ರವಿಜ್ಞಾನಿ ಅದಿತಿ ಪಂತ್ ಮತ್ತು ಅವರು, ಅಲ್ಲಿಗೆ ಹೋದ ನಮ್ಮ ದೇಶದ ಮೊದಲ ಹೆಂಗಸರು. ಹಿಮಗಡ್ಡೆಯಲ್ಲಿ ನಿಂತು ಸುತ್ತಿಗೆ ಬೀಸಿದವರಿದ್ದಾರೆ, ನಿಮ್ಮ ಮಗಳಿಗೆ ಶರಾವತಿ ಕಣಿವೆ ದೊಡ್ಡದಲ್ಲ.

ಆ ಹುಡುಗಿ ಹಿಡಿದ ಹಟದಲ್ಲಿ ಹುರುಳಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿಗೆ ಜಾರಿದ ಗುಡ್ಡವನ್ನು ಟಿವಿಯಲ್ಲಿ ನೋಡಿ ನಾವು ಮರುಗಿದೆವು. ಅವಳು ‘ಯಾಕೆ’ ಎಂದು ಕೇಳಿದಳು. ನಿಮ್ಮ ಕಡೆ ಬಂಡೆಯ ಮೇಲೆ ಮಳೆಗೆ ಕೊಳೆತು ಮೆತ್ತಗಾದ ದಪ್ಪ ಮಣ್ಣಿನ ಹೊದಿಕೆ ಇರುತ್ತದೆ. ಅದು ನಿಂತಿರುವುದೇ ತನ್ನ ಬುಡದ ಭಾರದ ಆಸರೆಯಲ್ಲಿ. ರಸ್ತೆಗೆಂದು ಬುಡ ಕಡಿದು, ಮೇಲೆ ದಿನಗಟ್ಟಲೆ ಮಳೆ ಹೊಯ್ದರೆ ನೀರು ಮಣ್ಣಿನ ಕಣಗಳ ನಡುವೆ ತುಂಬಿ ಅವುಗಳ ಹಿಡಿತ ಸಡಿಲಿಸುತ್ತದೆ. ಎಲ್ಲಿ ಬುಡ ಕಡಿಯಬಾರದು, ಎಲ್ಲಿ ನೀರಿಗೆ ದಾರಿ ಮಾಡಬೇಕು ಎಂದು ಮೊದಲೇ ನಕ್ಷೆಯಲ್ಲಿ ಗುರುತು ಹಾಕುವುದು ಭೂವಿಜ್ಞಾನಿಯ ಕೆಲಸ. ಭೂಕುಸಿತಕ್ಕೆ ದೇಶದ ಹೊಣೆಯ ಸಂಸ್ಥೆ ಜಿಎಸ್‌ಐಯೇ. 2018ರಲ್ಲಿ ಕೊಡಗು, ಆಮೇಲೆ ವಯನಾಡು, ಶಿರೂರು: ಈ ಕೆಲಸಕ್ಕೆ ಜನ ಸಾಲದು, ಮುಂದೆಯೂ ಸಾಲುವುದಿಲ್ಲ. ನಿಮಗೆ ಧಾರವಾಡ ಹತ್ತಿರ. ಕಡಲ ತಳ, ತೀರದ ಕೊರೆತ ಓದುವ ಆಸೆ ಇದ್ದರೆ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನದ್ದೇ ವಿಭಾಗವಿದೆ.

ಏಳು ಬೋರ್ ಕೊರೆಸಿದ್ದೇನೆ, ಐದು ಫೇಲು. ತೆಂಗಿನಕಾಯಿ ಹಿಡಿಯೋರೂ ಬಂದರು, ಮಿಷನ್ ತಂದು ತಂತಿ ಎಳೆದೋರೂ ಬಂದರು. ಯಾರನ್ನ ನಂಬಬೇಕು? ನನ್ನ ಮಗನನ್ನ ಜಿಯಾಲಜಿ ಓದಿಸಿದರೆ ಪಾಯಿಂಟು ಸರಿಯಾಗಿ ಹೇಳ್ತಾನಾ?
— ರೈತ, ಶಿರಾ ತಾಲ್ಲೂಕು

ಅಣ್ಣಾ, ಮಿಷನ್ ತಂದು ತಂತಿ ಎಳೆದವರಲ್ಲಿ ನಾನೂ ಒಬ್ಬಳು. ಹಾಗಾಗಿ ಮೊದಲು ನನ್ನ ಸೋಲಿನ ಕತೆ ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ಚಳ್ಳಕೆರೆ ಕಡೆಯ ಒಂದು ಹೊಲ. ನಾಲ್ಕು ಸಲಾಕೆ ನೆಟ್ಟು, ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜು ಎಷ್ಟು ಅಂತ ಅಳೆದೆ. ಸಲಾಕೆಗಳನ್ನು ದೂರ ಮಾಡಿದಷ್ಟೂ ಆಳದ ಸುದ್ದಿ ಬರುತ್ತದೆ. ಒಣ ಬಂಡೆ ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಹಾದುಹೋಗಲು ಬಿಡುತ್ತದೆ. ಒಂದು ಕಡೆ ರೀಡಿಂಗ್ ಚೆನ್ನಾಗಿ ಇಳಿಯಿತು. ಪಾಯಿಂಟು ಕೊಟ್ಟೆ. 280 ಅಡಿ ಕೊರೆದರು, ಬರೀ ಧೂಳು. ಆ ಯಜಮಾನರು ಏನೂ ಅನ್ನಲಿಲ್ಲ, ಅದೇ ನನಗೆ ಚುಚ್ಚಿದ್ದು. ಅಲ್ಲಿಂದ ಅರವತ್ತು ಹೆಜ್ಜೆ ದೂರದಲ್ಲಿ ತೆಂಗಿನಕಾಯಿಯವರು ತೋರಿಸಿದ ಕಡೆ ಎರಡಿಂಚು ನೀರು ಬಂತು! ತಪ್ಪಾಗಿದ್ದು ಎಲ್ಲಿ ಅಂದರೆ, ಜೇಡಿಮಣ್ಣೂ ಕರೆಂಟನ್ನು ನೀರಿನ ಹಾಗೇ ಹಾದುಹೋಗಲು ಬಿಡುತ್ತದೆ. ನಾನು ಜೇಡಿಯನ್ನು ನೀರು ಅಂದುಕೊಂಡಿದ್ದೆ. ಅಕ್ಕಪಕ್ಕದ ಹಳೇ ಬಾವಿಗಳನ್ನು ಇಣುಕಿ ನೋಡಿದ್ದರೆ ಆ ಜೇಡಿ ಕಣ್ಣಿಗೇ ಕಾಣುತ್ತಿತ್ತು.

ನಿಮ್ಮ ಸೀಮೆಯ ನೆಲ ಗಟ್ಟಿ ಬಂಡೆ. ಮರಳಿನಲ್ಲಿ ನೀರು ಎಲ್ಲೆಡೆ ಹರಡಿರುವ ಹಾಗೆ ಇಲ್ಲಿ ಇರುವುದಿಲ್ಲ. ಮೇಲಿನ ಕೊಳೆತ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಬಿರುಕಿನ ಪಕ್ಕ ಹತ್ತು ಅಡಿ ಸರಿದರೆ ಏನೂ ಇಲ್ಲ. ಆದ್ದರಿಂದ ಯಾರೂ ನೂರಕ್ಕೆ ನೂರು ಹೇಳಲಾರರು, ಹೇಳುತ್ತೇನೆ ಅಂದವರಿಂದ ದೂರ ಇರಿ. ತೆಂಗಿನಕಾಯಿ ನಿಲ್ಲುವುದು ಕೈಯ ನಡುಕದಿಂದ, ನೀರಿನಿಂದ ಅಲ್ಲ. ಆದರೆ ಅದನ್ನು ಹಿಡಿಯುವವರಲ್ಲಿ ಕೆಲವರು ನಲವತ್ತು ವರ್ಷ ಅದೇ ಹೋಬಳಿ ತಿರುಗಿದವರು. ಹುತ್ತ ಎಲ್ಲಿದೆ, ಬೇಸಗೆಯಲ್ಲೂ ಹಸಿರಾಗಿರುವ ಮರ ಯಾವುದು, ಹಳ್ಳ ಎಲ್ಲಿ ತಟ್ಟನೆ ತಿರುಗುತ್ತದೆ ಅಂತ ಗೊತ್ತಿರುವವರು. ಕಾಯಿಗಿಂತ ಅವರ ಕಣ್ಣು ಕೆಲಸ ಮಾಡುತ್ತದೆ ಅಂತ ನನ್ನ ಅನುಮಾನ.

ನೀವೀಗ ಮಾಡಬೇಕಾದ್ದು: ಏಳೂ ಬೋರಿನ ಲೆಕ್ಕ ಬರೆದಿಡಿ. ಕೇಸಿಂಗ್ ಎಷ್ಟು ಅಡಿ ಇಳಿಯಿತು, ಎಷ್ಟನೇ ಅಡಿಗೆ ಪುಡಿಯ ಬಣ್ಣ ಬದಲಾಯಿತು, ಎಲ್ಲಿ ತೇವ ಬಂತು. ಫೇಲಾದ ಐದು ಬೋರು ನೀವು ಲಕ್ಷಗಟ್ಟಲೆ ಕೊಟ್ಟು ಕೊಂಡ ಮಾಹಿತಿ, ಅದನ್ನು ಧೂಳಿನ ಜೊತೆ ಹಾರಿಬಿಡಬೇಡಿ. ಮುಂದೆ ಬರುವ ಭೂವಿಜ್ಞಾನಿ ಆ ಚೀಟಿ ಕೇಳದೆ ಸಲಾಕೆ ನೆಟ್ಟರೆ ಅವರನ್ನೂ ಕಳಿಸಿಬಿಡಿ.

ಮಗನನ್ನು ಖಂಡಿತ ಓದಿಸಿ. ಪಾಯಿಂಟು ಹೇಳುವುದಕ್ಕಿಂತ ದೊಡ್ಡ ಕೆಲಸ ಇದೆ: ಕೆರೆಯ ನೀರು ಎಲ್ಲಿ ಇಂಗುತ್ತದೆ, ಯಾವ ಬಾವಿಯಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆ, ಇದನ್ನೆಲ್ಲ ನೋಡುವವರು ಬೇಕು. ನಮ್ಮ ಗ್ರಾನೈಟ್, ಪಟ್ಟೆಪಟ್ಟೆಯ ನೈಸ್ ಕಲ್ಲಿನ ಖನಿಜಗಳಿಂದಲೇ ಆ ಫ್ಲೋರೈಡ್ ನೀರಿಗೆ ಇಳಿಯುವುದು. ಪಕ್ಕದ ಪಾವಗಡದವರ ಹಲ್ಲು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಯುಪಿಎಸ್‌ಸಿಯ ಅದೇ ಪರೀಕ್ಷೆಯಲ್ಲಿ ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗಳೂ ಇರುತ್ತವೆ, ರಾಜ್ಯದಲ್ಲಿ ಅಂತರ್ಜಲ ನಿರ್ದೇಶನಾಲಯ ಇದೆ.

ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಕೊನೆಯ ವರ್ಷ. ಚಂದ್ರಯಾನ ನೋಡಿದಾಗಿನಿಂದ ಗ್ರಹಗಳ ಕಲ್ಲಿನ ಹುಚ್ಚು. ಜಿಯಾಲಜಿಗೆ ಬದಲಾಯಿಸಬಹುದಾ?
— ವಿದ್ಯಾರ್ಥಿ, ಬೆಂಗಳೂರು

ಎಂಎಸ್ಸಿ ಜಿಯಾಲಜಿಗೆ ಸಾಮಾನ್ಯವಾಗಿ ಪದವಿಯಲ್ಲಿ ಆ ವಿಷಯ ಓದಿರಬೇಕು ಅನ್ನುತ್ತಾರೆ, ಆ ಬಾಗಿಲು ನಿನಗೆ ಕಷ್ಟ. ದೂರಸಂವೇದಿ (ಉಪಗ್ರಹದ ಚಿತ್ರದಿಂದ ನೆಲ ಓದುವುದು), ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಕಟ್ಟುವುದು) ದಾರಿ ತೆರೆದಿದೆ. ಡೆಹ್ರಾಡೂನ್‌ನಲ್ಲಿ ಇಸ್ರೋದ್ದೇ ಸಂಸ್ಥೆ ಆ ಎಂಟೆಕ್ ಕಲಿಸುತ್ತದೆ. ಕೋಡ್ ಬರೆಯಬಲ್ಲ ಭೂವಿಜ್ಞಾನಿಗಳನ್ನು ಈಗ ಎಲ್ಲರೂ ಹುಡುಕುತ್ತಾರೆ. ಹಾಗಂತ ಪರದೆಯಲ್ಲೇ ಕಲ್ಲು ಕಲಿಯುತ್ತೇನೆ ಅಂದುಕೊಳ್ಳಬೇಡ. ಚಂದ್ರಯಾನ-2ರ ರೋವರ್ ಓಡಿಸಿ ನೋಡಲು ಇಸ್ರೋಗೆ ಚಂದ್ರನ ಮಣ್ಣಿನಂಥ ಮಣ್ಣು ಬೇಕಿತ್ತು. ಅದನ್ನು ತಮಿಳುನಾಡಿನ ಸೀತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನು ಪುಡಿ ಮಾಡಿ ತಯಾರಿಸಿದರು. ಚಂದ್ರನ ಎತ್ತರದ ಬಿಳಿಚು ಭಾಗಗಳೂ ಅದೇ ಬಗೆಯ ಕಲ್ಲು. ಆ ಹೋಲಿಕೆ ಹೊಳೆದದ್ದು ಎರಡೂ ಕಲ್ಲು ಗೊತ್ತಿದ್ದವರಿಗೆ. ಈ ಭಾನುವಾರ ಲಾಲ್‌ಬಾಗಿಗೆ ಹೋಗು. ಕೆಂಪೇಗೌಡ ಗೋಪುರದ ಬಂಡೆಯ ಮೇಲೆ ಎಲ್ಲರೂ ಸೆಲ್ಫಿ ತೆಗೆಯುತ್ತಿರುತ್ತಾರೆ, ನೀನು ಬಗ್ಗಿ ಕಪ್ಪು ಬಿಳಿ ಪಟ್ಟೆಗಳನ್ನು ನೋಡು. ಸುಮಾರು 300 ಕೋಟಿ ವರ್ಷದ ಪೆನಿನ್ಸುಲರ್ ನೈಸ್ ಅದು. ನಿಮ್ಮ ಮೆಟ್ರೋ ಸುರಂಗ ಕೊರೆದ ಯಂತ್ರಗಳನ್ನು ಸತಾಯಿಸಿದ್ದೂ ಇದೇ ಕುಲದ ಕಲ್ಲು: ಒಂದು ಕಡೆ ಮಣ್ಣು, ಮುಂದಿನ ಅಡಿಗೆ ಗಟ್ಟಿ ಗುಂಡು. ಆ ಕೆಲಸದಲ್ಲೂ ನಮ್ಮವರು ಇದ್ದಾರೆ.

ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದರು. ಗಣಿ ಮತ್ತೆ ತೆರೆಯುತ್ತದೆ, ಜಿಯಾಲಜಿ ಓದು ಅನ್ನುತ್ತಾರೆ. ಅದನ್ನೇ ನಂಬಿ ಓದಬಹುದಾ?
— ವಿದ್ಯಾರ್ಥಿ, ಬಂಗಾರಪೇಟೆ

ತಾತನಿಗೆ ನನ್ನ ನಮಸ್ಕಾರ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ‘ಮತ್ತೆ ತೆರೆಯುತ್ತದೆ’ ಅನ್ನುವ ಸುದ್ದಿಯನ್ನು ನಾನು ಅವತ್ತಿನಿಂದಲೂ ಓದುತ್ತಿದ್ದೇನೆ. ಒಂದು ಗಣಿಯನ್ನು ನಂಬಿ ಓದಬೇಡ. ಚಿನ್ನ ಬೇಕಿದ್ದರೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತಿಗೂ ತೆಗೆಯುತ್ತಿದ್ದಾರೆ. ಕಬ್ಬಿಣಕ್ಕೆ ಸಂಡೂರು, ದೋಣಿಮಲೈ. ಸಿಮೆಂಟಿನ ಸುಣ್ಣಕಲ್ಲಿಗೆ ವಾಡಿ, ಸೇಡಂ. ಯುರೇನಿಯಂ, ಲಿಥಿಯಂ ಹುಡುಕುವ ಪರಮಾಣು ಖನಿಜ ನಿರ್ದೇಶನಾಲಯ ಯಾದಗಿರಿಯ ಗೋಗಿಯಲ್ಲೂ ಮಂಡ್ಯದ ಮರ್ಲಗಲ್ಲದಲ್ಲೂ ಕೆಲಸ ಮಾಡಿದೆ. ಮಂಡ್ಯದ ಲಿಥಿಯಂ ಬಗ್ಗೆ ಪತ್ರಿಕೆಗಳು ಕುಣಿದಾಡಿದವು. ಕೊನೆಗೆ ನಿಂತ ಅಂದಾಜು 1,600 ಟನ್, ಚಿಕ್ಕದು.

ನಿನ್ನ ಊರಿನ ಕಲ್ಲು ನಿನಗೆ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಚಿನ್ನದ ಸೀಮೆಯ ಶಿಲೆಯೂ ಕೋಲಾರದ್ದೂ ಒಂದೇ ಬಗೆಯವು, ವಯಸ್ಸೂ ಹೆಚ್ಚು ಕಡಿಮೆ ಒಂದೇ, ಸುಮಾರು 270 ಕೋಟಿ ವರ್ಷ. ಪರ್ತ್‌ನಲ್ಲಿರುವ ನನ್ನ ಶಿಷ್ಯನೊಬ್ಬ ಫೋನಿನಲ್ಲಿ ಹೇಳಿದ: ‘ಮೇಡಂ, ಮೊದಲ ದಿನ ಅವರು ಕೊಟ್ಟ ಕಲ್ಲು ನೋಡಿ ನಮ್ಮೂರಿದು ಇಲ್ಲಿಗೆ ಹೇಗೆ ಬಂತು ಅಂದುಕೊಂಡೆ.’

ಎಂಎಸ್ಸಿ ಮುಗಿದು ಎರಡೂವರೆ ವರ್ಷ. ಜಿಎಸ್‌ಐ ಪರೀಕ್ಷೆಯಲ್ಲಿ ಒಮ್ಮೆ ಪ್ರಿಲಿಮ್ಸ್, ಒಮ್ಮೆ ಮೇನ್ಸ್‌ನಲ್ಲಿ ಹೋಯಿತು. ರಾಜ್ಯದ ಇಲಾಖೆಯಲ್ಲಿ ಭರ್ತಿ ಯಾವಾಗಲೋ ಒಮ್ಮೆ. ಮನೆಯಲ್ಲಿ ಬಿಎಡ್ ಮಾಡು ಅನ್ನುತ್ತಿದ್ದಾರೆ. ಓದಿದ್ದೇ ತಪ್ಪಾಯಿತಾ ಅನಿಸುತ್ತಿದೆ. ಹೆಸರು ಹಾಕಬೇಡಿ.
— ಕಲಬುರಗಿ ಜಿಲ್ಲೆ

ಮೂವತ್ತು ಪತ್ರಗಳಲ್ಲಿ ನಾನು ಮತ್ತೆ ಮತ್ತೆ ತೆಗೆದು ಓದಿದ್ದು ನಿನ್ನದನ್ನು.

ನಾನೂ ಎಂಎಸ್ಸಿ ಆದ ಮೇಲೆ ಎರಡು ವರ್ಷ ಖಾಲಿ ಇದ್ದೆ. ಪೂರ್ತಿ ಖಾಲಿ ಅಲ್ಲ, ಒಂದು ಗ್ರಾನೈಟ್ ಕ್ವಾರಿಯಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಮೂರು ತಿಂಗಳ ಸಂಬಳ ಕೊಡದೆ ಕೈಯೆತ್ತಿದರು. ಆದರೆ ಆ ಕ್ವಾರಿಯಲ್ಲಿ ಓದು ಬರೆಹ ಬಾರದ ಒಬ್ಬ ಹಿರಿಯರು ಬಂಡೆಯ ಮೇಲೆ ಅಂಗೈ ಸವರಿ, ಉಳಿಯಿಂದ ಎರಡು ಸಲ ತಟ್ಟಿ ಸದ್ದು ಕೇಳಿ, ಅದು ಯಾವ ದಿಕ್ಕಿಗೆ ಸೀಳುತ್ತದೆ ಅಂತ ಹೇಳುತ್ತಿದ್ದರು. ನಾನು ಸೂಕ್ಷ್ಮದರ್ಶಕದಲ್ಲಿ, 0.03 ಮಿಲಿಮೀಟರಿಗೆ ಉಜ್ಜಿದ ಕಲ್ಲಿನ ಬಿಲ್ಲೆಯಲ್ಲಿ, ಅಭ್ರಕದ ಹಾಳೆಗಳು ಯಾವ ಕಡೆ ಮಲಗಿವೆ ಅಂತ ನೋಡಿ ಕಲಿತದ್ದನ್ನು ಅವರು ಕೈಯಲ್ಲಿ ಓದುತ್ತಿದ್ದರು. ಆ ಮೂರು ತಿಂಗಳ ಸಂಬಳಕ್ಕೆ ಬದಲಾಗಿ ನನಗೆ ದಕ್ಕಿದ್ದು ಅದು. ಮುಂದೆ ಸಂದರ್ಶನದಲ್ಲಿ ‘ಶಿಲೆಯ ಸೀಳು’ ಅಂತ ಪ್ರಶ್ನೆ ಬಂದಾಗ ನಾನು ಹೇಳಿದ್ದು ಪುಸ್ತಕದ ಉತ್ತರವನ್ನಲ್ಲ, ಅವರ ಅಂಗೈಯನ್ನು.

ಈಗ ನಿನ್ನ ಲೆಕ್ಕ ನೋಡೋಣ. ಪರೀಕ್ಷೆಗೆ 32 ವರ್ಷದವರೆಗೆ ಅವಕಾಶವಿದೆ, ಮೀಸಲಾತಿಯಿದ್ದರೆ ಇನ್ನೂ ಹೆಚ್ಚು. ಪ್ರಿಲಿಮ್ಸ್ 400 ಅಂಕ, ಅದರಲ್ಲಿ 300 ನಿನ್ನ ವಿಷಯದ್ದೇ. ಮೇನ್ಸ್ ತಲಾ 200ರ ಮೂರು ಪತ್ರಿಕೆ, ಸಂದರ್ಶನ 200. ಒಮ್ಮೆ ಮೇನ್ಸ್ ತನಕ ಹೋಗಿದ್ದೀಯ ಅಂದರೆ ಓದು ಸಾಲದು ಅಂತಲ್ಲ, ಬರೆಯುವ ಅಭ್ಯಾಸ ಸಾಲದು. ನಮ್ಮ ಹುಡುಗರು ಮೇನ್ಸ್‌ನಲ್ಲಿ ಚಿತ್ರ ಬರೆಯದೆ ಪುಟ ತುಂಬಿಸುತ್ತಾರೆ. ಭೂವಿಜ್ಞಾನದ ಉತ್ತರದಲ್ಲಿ ಚಿತ್ರವಿಲ್ಲದಿದ್ದರೆ ಓದುವವನಿಗೆ ಇವನು ಬಂಡೆ ನೋಡಿಲ್ಲ ಅನ್ನಿಸುತ್ತದೆ. ದಿನಕ್ಕೆ ಎರಡು ಉತ್ತರ, ಪ್ರತಿಯೊಂದಕ್ಕೂ ಕೈಯಾರೆ ಒಂದು ಚಿತ್ರ. ‘ಗೇಟ್’ ಪರೀಕ್ಷೆಯನ್ನೂ ಬರೆ. ಓಎನ್‌ಜಿಸಿ, ಕೋಲ್ ಇಂಡಿಯಾ ಥರದ ಸಂಸ್ಥೆಗಳು ಆ ಅಂಕ ನೋಡಿ ಕರೆದದ್ದುಂಟು.

ಆದರೆ ಮನೆಯಲ್ಲಿ ಕೂತು ಬರೀ ಪರೀಕ್ಷೆಗೆ ಓದಬೇಡ. ಕೈಗೆ ಕೋರ್ ಬರಲಿ, ಅಂದರೆ ಯಂತ್ರ ಕೊರೆದು ಮೇಲೆತ್ತಿದ ಕಲ್ಲಿನ ಉದ್ದನೆ ಕಡ್ಡಿ. ಡ್ರಿಲ್ಲಿಂಗ್ ಗುತ್ತಿಗೆದಾರರು, ಅಡಿಪಾಯ ಪರೀಕ್ಷೆ ಮಾಡುವ ಕಂಪನಿಗಳು, ಖನಿಜ ಶೋಧನೆಯ ಖಾಸಗಿ ಏಜೆನ್ಸಿಗಳು ಅದನ್ನು ನೋಡಿ ದಾಖಲಿಸುವ ಕೋರ್ ಲಾಗಿಂಗ್‌ಗೆ ಜನ ತಗೊಳ್ಳುತ್ತಾರೆ. ಸಂಬಳ ಮೊದಲಿಗೆ ಕೈಗೂ ಬಾಯಿಗೂ ಸರಿ. ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಕೋರಿನಲ್ಲಿ ಹತ್ತು ಸೆಂಟಿಮೀಟರಿಗೆ ಕಡಿಮೆಯಿಲ್ಲದ ತುಂಡುಗಳನ್ನಷ್ಟೇ ಅಳೆದು ಕೂಡಿ, ಕೊರೆದ ಒಟ್ಟು ಉದ್ದಕ್ಕೆ ಶೇಕಡಾ ಎಷ್ಟು ಅಂತ ಬರೆಯುವುದು ಆರ್‌ಕ್ಯೂಡಿ, ಬಂಡೆ ಎಷ್ಟು ಇಡಿಯಾಗಿದೆ ಅನ್ನುವ ಅಳತೆ. ಎಂಎಸ್ಸಿಯಲ್ಲಿ ಎರಡು ಅಂಕದ ಪ್ರಶ್ನೆ, ಸೇತುವೆಯ ಕಂಬದಡಿ ಅದೇ ಎಲ್ಲ. ಯಂತ್ರ ಹಿಡಿದವರು ಎಳೆದಾಡಿ ಮುರಿದ ತುಂಡು ಯಾವುದು, ಬಂಡೆಯೇ ಬಿರಿದಿದ್ದ ತುಂಡು ಯಾವುದು ಅಂತ ಆರು ತಿಂಗಳಲ್ಲಿ ಕಣ್ಣಿಗೆ ಗೊತ್ತಾಗುತ್ತದೆ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಉಚಿತವಾಗಿ ಸಿಗುತ್ತದೆ, ಜಿಎಸ್‌ಐಯ ‘ಭೂಕೋಶ್’ ತಾಣದಲ್ಲಿ ನಕ್ಷೆಗಳಿವೆ. ನಿನ್ನ ತಾಲ್ಲೂಕಿನ ನಕ್ಷೆ ಇಳಿಸಿಕೊಂಡು ಹೊಲ ಹೊಲ ನಡೆದು ಅದರಲ್ಲಿ ತಪ್ಪು ಹುಡುಕು. ಭೀಮಾ ತೀರದ ಸುಣ್ಣಕಲ್ಲಿನ ನಾಡಿನವನು ನೀನು, ಶಹಾಬಾದ್ ಕಲ್ಲಿನ ಮೇಲೆ ಹುಟ್ಟಿ ಬೆಳೆದಿದ್ದೀಯ. ಸಂದರ್ಶನದಲ್ಲಿ ‘ನಿಮ್ಮ ಊರಿನ ಶಿಲೆ ಯಾವುದು’ ಅಂತ ಕೇಳಿಯೇ ಕೇಳುತ್ತಾರೆ.

ಈ ವೃತ್ತಿ ಏರಿಳಿತದ್ದು ಅನ್ನುವುದನ್ನೂ ಮುಚ್ಚಿಡುವುದಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನನ್ನ ಇಬ್ಬರು ಶಿಷ್ಯರು ತಿಂಗಳೊಳಗೆ ಮನೆಗೆ ಬಂದು ಕೂತರು. ಗಣಿ ಕಂಪನಿಗಳಲ್ಲಿ ‘ಇಷ್ಟು ಅದಿರಿದೆ ಅಂತ ಸಹಿ ಹಾಕು’ ಅನ್ನುವ ಒತ್ತಡವೂ ಬರುತ್ತದೆ. ಹಾಕಬೇಡ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ನಮ್ಮ ವೃತ್ತಿ ಸಣ್ಣದು, ಹೆಸರು ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಈಗ ಗಾಳಿ ಸ್ವಲ್ಪ ನಮ್ಮ ಕಡೆ ಬೀಸುತ್ತಿದೆ. 2023ರಲ್ಲಿ ಕೇಂದ್ರ ಸರ್ಕಾರ 30 ನಿರ್ಣಾಯಕ ಖನಿಜಗಳ ಪಟ್ಟಿ ಮಾಡಿತು, 2025ರಲ್ಲಿ ಅದಕ್ಕೆಂದೇ ಒಂದು ಮಿಷನ್ ಶುರುವಾಯಿತು. ಹುಡುಕಲು ಜನ ಬೇಕೇ ಬೇಕು.

ಬಿಎಡ್ ಬಗ್ಗೆ: ಪಾಠ ಮಾಡುವ ಆಸೆ ಇದ್ದರೆ ಮಾಡು, ಸುಮ್ಮನೆ ಮನೆಯವರ ಬಾಯಿ ಮುಚ್ಚಿಸಲು ಬೇಡ. ನಿನ್ನ ವಿಳಾಸ ಇದೆ. ಕೋರ್ ಲಾಗಿಂಗ್‌ಗೆ ಜನ ಬೇಕು ಅಂತ ಯಾರಾದರೂ ಕೇಳಿದಾಗ ಬರೆಯುತ್ತೇನೆ.

ಹೊಲ ಉಳುವಾಗ ಸಿಕ್ಕ ಕಲ್ಲನ್ನು ಪಾರ್ಸೆಲ್ ಮಾಡಿದ್ದೇನೆ. ಕಪ್ಪಗಿದೆ, ತುಂಬ ಭಾರ, ಅಯಸ್ಕಾಂತಕ್ಕೆ ಅಂಟುತ್ತದೆ. ಉಲ್ಕೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಬೆಲೆ ಎಷ್ಟಾಗಬಹುದು?
— ಹಿರೇಕೆರೂರು

ಕಲ್ಲು ಕೈ ಸೇರಿತು. ಒಂದು ಮೂಲೆ ಒಡೆದೆ, ಬೇಜಾರು ಮಾಡಿಕೊಳ್ಳಬೇಡಿ. ಒಳಗೆ ಸಣ್ಣ ಸಣ್ಣ ಗುಳ್ಳೆಯ ತೂತುಗಳಿವೆ, ಒಂದು ಬದಿ ಬೆಲ್ಲದ ಪಾಕ ಹರಿದು ಆರಿದ ಹಾಗಿದೆ. ಉಲ್ಕೆಗಳಲ್ಲಿ ಇಂಥ ಗುಳ್ಳೆ ಸಾಮಾನ್ಯವಾಗಿ ಇರುವುದಿಲ್ಲ. ಇದು ಕಬ್ಬಿಣದ ಕಿಟ್ಟ. ನಿಮ್ಮ ಹೊಲದಲ್ಲೋ ಪಕ್ಕದಲ್ಲೋ ಹಿಂದೆ ಯಾರೋ ಕುಲುಮೆ ಹಾಕಿ ಅದಿರು ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. ಮಾರಲು ಹೋದರೆ ಬೆಲೆ ಇಲ್ಲ. ಆದರೆ ಮುಂದಿನ ಸಲ ಉಳುವಾಗ ಅಲ್ಲೇ ನಿಂತು ನೋಡಿ: ಸುಟ್ಟ ಕೆಂಪು ಮಣ್ಣು, ಇದ್ದಿಲು, ಊದುಗೊಳವೆಯ ಮಣ್ಣಿನ ಚೂರು ಸಿಕ್ಕರೆ ಎತ್ತಬೇಡಿ, ಫೋಟೋ ತೆಗೆದು ಕಳಿಸಿ. ಫೋಟೋ ಸಾಕು. ಈ ಪಾರ್ಸೆಲ್ ಹೊತ್ತು ಮಹಡಿ ಹತ್ತಿದ ಪೋಸ್ಟ್‌ಮ್ಯಾನ್ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.